ಮೂರು ಗಡಿಯಾರ, ಒಂದೇ ಓಟ

ಬಂಡೀಪುರದ ಕಾಡು ಮುಗಿದು ಚೆಂಡು ಹೂವಿನ ಹೊಲಗಳು ಶುರುವಾಗುವ ಕಡೆ ಒಂದು ಶಾಲೆ. ಅಲ್ಲಿ ಸುತ್ತಲಿನ ಊರುಗಳ ಮಕ್ಕಳ ಆಟೋಟ ಸ್ಪರ್ಧೆ. ಪರಿಚಯದ ದೈಹಿಕ ಶಿಕ್ಷಣದ ಮೇಷ್ಟ್ರೊಬ್ಬರು "ರಿಟೈರ್ ಆದ್ಮೇಲೆ ಮನೇಲಿ ಕೂತು ಏನ್ಮಾಡ್ತೀರಿ ಸಾರ್, ಬನ್ನಿ, ಒಂದು ಸ್ಟಾಪ್ ವಾಚ್ ಹಿಡ್ಕೊಳ್ಳಿ" ಎಂದು ಕರೆದಿದ್ದರು. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಹೇಳಿದವನಿಗೆ ಗುಂಡಿ ಒತ್ತುವುದು ಎಷ್ಟರ ಕೆಲಸ ಎಂದುಕೊಂಡು ಹೋದೆ. ಎಷ್ಟರ ಕೆಲಸ ಎಂಬುದು ಮಧ್ಯಾಹ್ನದೊಳಗೆ ಗೊತ್ತಾಯಿತು.

ಹೆಣ್ಣುಮಕ್ಕಳ ನೂರು ಮೀಟರ್ ಓಟ. ಮೊದಲು ಬಂದ ಹುಡುಗಿಯ ಮೇಲೆ ನಾವು ಮೂವರು ಗಡಿಯಾರ ಹಿಡಿದಿದ್ದೆವು. ನನ್ನದು 14.06 ಸೆಕೆಂಡ್ ಎಂದಿತು. ಪಕ್ಕದವರದು 14.35. ಮೂರನೆಯವರದು 14.47. ಹುಡುಗಿಯ ಅಪ್ಪ ಅರಿಶಿನ ಬೆಳೆಯುವ ರೈತರು. ಸುಣ್ಣದ ಗೆರೆಯ ಆಚೆ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಹತ್ತಿರ ಬಂದು ಕೇಳಿದರು: "ಓಡಿದ್ದು ಒಬ್ಳು, ಓಡಿದ್ದು ಒಂದೇ ಸಲ. ಮೂರು ಲೆಕ್ಕ ಹೆಂಗೆ ಬತ್ತದೆ ಸಾ? ಯಾವ್ದು ನಿಜ?"

ಅವರದು ಕುಹಕದ ಪ್ರಶ್ನೆಯಲ್ಲ. ಮಗಳನ್ನು ಸರ್ಕಾರದ ಕ್ರೀಡಾ ವಸತಿ ನಿಲಯಕ್ಕೆ ಸೇರಿಸುವ ಆಸೆ ಅವರಿಗೆ. ಆಯ್ಕೆಗೆ ಕರೆದುಕೊಂಡು ಹೋಗಬೇಕೆಂದರೆ ಹೊಲದ ಕೆಲಸ ಬಿಡಬೇಕು, ಇಬ್ಬರ ಬಸ್ ಚಾರ್ಜು ಹೊಂದಿಸಬೇಕು. ಹುಡುಗಿ ನಿಜಕ್ಕೂ ಎಷ್ಟರಲ್ಲಿ ಓಡುತ್ತಾಳೆ ಎಂದು ಗೊತ್ತಾದರೆ ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ನಾವು ಮೂವರು ವಿದ್ಯಾವಂತರು ಮೂರು ಉತ್ತರ ಕೊಟ್ಟು ಮುಖ ಮುಖ ನೋಡಿಕೊಂಡೆವು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಓಟ ಶುರುಮಾಡುವವರು ಬಾವುಟ ಇಳಿಸುತ್ತ ಸೀಟಿ ಊದುತ್ತಿದ್ದರು. ಉಳಿದಿಬ್ಬರು ಬಾವುಟ ನೋಡಿ ಗುಂಡಿ ಒತ್ತಿದರು. ನಾನು ಸೀಟಿ ಕೇಳಿ ಒತ್ತಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಓಟದ ಆರಂಭದಿಂದ ಕೊನೆಯ ಗೆರೆಯವರೆಗೆ ನೂರು ಮೀಟರ್ ದಾಟಲು ಅದಕ್ಕೆ ಹತ್ತಿರ ಹತ್ತಿರ 0.29 ಸೆಕೆಂಡ್ ಬೇಕು. ಅಂದರೆ ಸೀಟಿ ನನ್ನ ಕಿವಿಗೆ ಬೀಳುವಷ್ಟರಲ್ಲಿ ಹುಡುಗಿ ಆಗಲೇ ಹೊರಟಾಗಿತ್ತು. ಪಿಸ್ತೂಲು ಬಳಸುವ ದೊಡ್ಡ ಕೂಟಗಳಲ್ಲಿ ಕೈಗಡಿಯಾರದವರು ಹೊಗೆ ನೋಡಿ ಒತ್ತಬೇಕು, ಸದ್ದು ಕೇಳಿ ಅಲ್ಲ ಎಂಬ ನಿಯಮ ಇರುವುದು ಇದಕ್ಕೇ. ನಾನು ಆ ಹುಡುಗಿಗೆ ಪುಗಸಟ್ಟೆಯಾಗಿ ಕಾಲು ಸೆಕೆಂಡಿಗಿಂತ ಹೆಚ್ಚು ದಾನ ಮಾಡಿದ್ದೆ.

ಇನ್ನು ಮೂರು ಗಡಿಯಾರ ಮೂರು ಹೇಳಿದರೆ ಏನು ಮಾಡಬೇಕು? ಸರಾಸರಿ ತೆಗೆಯಿರಿ ಎನ್ನುತ್ತೀರಿ. ಶಾಲೆಯಲ್ಲಿ ನಾವೇ ಹಾಗೆ ಕಲಿಸಿದ್ದೇವೆ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮ ಬೇರೆ ಹೇಳುತ್ತದೆ. ಕೈಗಡಿಯಾರದ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ, ಅದೂ ಮೇಲಕ್ಕೆ, ಸರಿಪಡಿಸಬೇಕು. 14.06 ಇದ್ದರೆ 14.1, 14.35 ಇದ್ದರೆ 14.4, 14.47 ಇದ್ದರೆ 14.5. ಎರಡು ಗಡಿಯಾರ ಒಂದೇ ಹೇಳಿದರೆ ಅದೇ ಅಧಿಕೃತ. ಮೂರೂ ಬೇರೆಯಾದರೆ ನಡುವಿನದು. ಎರಡೇ ಗಡಿಯಾರ ಇದ್ದರೆ ಹೆಚ್ಚು ಹೊತ್ತು ತೋರಿಸಿದ್ದು. ಸರಾಸರಿಯ ಮಾತೇ ಇಲ್ಲ. ಏಕೆಂದರೆ ನನ್ನಂಥ ಒಬ್ಬ ಕಿವಿ ನಂಬಿದ ಮುದುಕ ಇದ್ದರೆ ಸರಾಸರಿ ಅವನ ಕಡೆಗೆ ವಾಲುತ್ತದೆ (ಮೂರರ ಸರಾಸರಿ 14.29 ಆಗುತ್ತಿತ್ತು). ನಡುವಿನ ಸಂಖ್ಯೆ ಹಾಗೆ ವಾಲುವುದಿಲ್ಲ. ಹುಡುಗಿಯ ಕಾಲ 14.4 ಎಂದು ಬರೆದೆವು.

ಇದು ಹಳ್ಳಿ ಶಾಲೆಯ ಬಡತನದ ಕಥೆ ಎಂದುಕೊಳ್ಳಬೇಡಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ 400 ಮೀಟರ್ ಓಟದಲ್ಲಿ ನಾಲ್ಕನೆಯವರಾದರಲ್ಲ, ಅವರ ಕಾಲವನ್ನು ಎರಡು ರೀತಿ ಬರೆದಿರುವುದನ್ನು ನೀವು ಪುಸ್ತಕಗಳಲ್ಲಿ ನೋಡುತ್ತೀರಿ. ಒಂದು ಕಡೆ 45.6, ಇನ್ನೊಂದು ಕಡೆ 45.73. ಯಾರೂ ಸುಳ್ಳು ಹೇಳಿಲ್ಲ. ಮೊದಲನೆಯದು ಕೈಗಡಿಯಾರದ್ದು, ಎರಡನೆಯದು ವಿದ್ಯುತ್ ಗಡಿಯಾರದ್ದು. ಮನುಷ್ಯನ ಬೆರಳು ಆರಂಭದಲ್ಲಿ ತಡವಾಗಿ ಒತ್ತುತ್ತದೆ. ಕೊನೆಯಲ್ಲಿ ಓಟಗಾರ ಬರುವುದು ಕಣ್ಣಿಗೆ ಕಾಣುತ್ತಿರುವುದರಿಂದ ಅಷ್ಟು ತಡ ಆಗುವುದಿಲ್ಲ. ಹೀಗಾಗಿ ಕೈ ಯಾವಾಗಲೂ ಒಂದೇ ದಿಕ್ಕಿಗೆ, ಓಟಗಾರನಿಗೆ ಅನುಕೂಲವಾಗಿ, ತಪ್ಪುತ್ತದೆ. ಕೈಗಡಿಯಾರದ 100 ಮೀಟರ್ ಕಾಲವನ್ನು ವಿದ್ಯುತ್ ಗಡಿಯಾರದ್ದಕ್ಕೆ ಹೋಲಿಸಬೇಕಾದರೆ 0.24 ಸೆಕೆಂಡ್ ಸೇರಿಸುವುದು, 400 ಮೀಟರಿಗೆ 0.14 ಸೇರಿಸುವುದು ರೂಢಿ. 1977ರಿಂದೀಚೆಗೆ 400 ಮೀಟರ್‌ವರೆಗಿನ ಓಟಗಳ ವಿಶ್ವದಾಖಲೆಗೆ ಕೈಗಡಿಯಾರವನ್ನು ಒಪ್ಪುವುದನ್ನೇ ಬಿಟ್ಟರು.

ಈಗ ಆ ದಿನದ ಹಾಳೆಗೆ ಬರೋಣ. ಅದೊಂದು ಸಾಮಾನ್ಯ ರೂಲ್ ಹಾಳೆ. ಅದರಲ್ಲಿ ಚೆಸ್ಟ್ ನಂಬರು, ಬಂದ ಸ್ಥಾನ, ಕಾಲ, ಇನ್ನೊಂದು ಕಡೆ ಕೂತು ಮುಂದಕ್ಕೆ ಬಗ್ಗುವ ಪರೀಕ್ಷೆಯ ಅಂಕಿ, ಎಲ್ಲವೂ ಇದ್ದವು. ಎಲ್ಲವೂ ಸಂಖ್ಯೆಗಳೇ. ಆದರೆ ಒಂದೇ ಜಾತಿಯ ಸಂಖ್ಯೆಗಳಲ್ಲ. ಕ್ರೀಡೆಯ ಬಗ್ಗೆ ಪ್ರಾಜೆಕ್ಟ್ ಬರೆಯುವ ಪದವಿ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲಿ. ಕಂಪ್ಯೂಟರಿಗೆ ಎಲ್ಲ ತುಂಬಿ, ಎಲ್ಲದಕ್ಕೂ ಸರಾಸರಿ ತೆಗೆದು, ನಾಲ್ಕು ದಶಮಾಂಶ ಸ್ಥಾನದವರೆಗೆ ಅಚ್ಚು ಹಾಕಿಸಿ, ಬೈಂಡ್ ಮಾಡಿಸಿ ತರುತ್ತಾರೆ.

ಚೆಸ್ಟ್ ನಂಬರು ಬರೀ ಹೆಸರು. ದ್ರಾವಿಡ್ ಅವರ ಅಂಗಿಯ ಮೇಲೆ 19 ಇತ್ತು, ತೆಂಡೂಲ್ಕರ್ ಅಂಗಿಯ ಮೇಲೆ 10. ಎರಡನ್ನೂ ಕೂಡಿಸಿ ಭಾಗಿಸಿದರೆ ಹದಿನಾಲ್ಕೂವರೆ ಬರುತ್ತದೆ. ಆ ಹದಿನಾಲ್ಕೂವರೆ ಯಾರು? ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್.ಎಸ್. ಸ್ಟೀವನ್ಸ್ 1946ರಲ್ಲಿ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಬರೆದ ಲೇಖನ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ: ನಾಮ ಮಾಪಕ, ಕ್ರಮ ಮಾಪಕ, ಅಂತರ ಮಾಪಕ, ಅನುಪಾತ ಮಾಪಕ. ಅಂಗಿಯ ನಂಬರು ನಾಮ ಮಾಪಕಕ್ಕೆ ಸೇರಿದ್ದು. ಆಟಗಾರರ ನಂಬರಿಗೆ ಸರಾಸರಿ ತೆಗೆಯಬಾರದೆಂಬ ಈ ಮಡಿವಂತಿಕೆಯನ್ನು ಛೇಡಿಸಿ ಫ್ರೆಡರಿಕ್ ಲಾರ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ 1953ರಲ್ಲಿ ಒಂದು ತಮಾಷೆಯ ಲೇಖನ ಬರೆದ. ನಂಬರು ಹಂಚುವ ಯಂತ್ರ ತಮಗೆ ಬೇಕೆಂದೇ ಸಣ್ಣ ಸಣ್ಣ ನಂಬರು ಕೊಟ್ಟಿದೆ ಎಂದು ಹೊಸ ಹುಡುಗರು ಜಗಳಕ್ಕೆ ಬರುತ್ತಾರೆ. ಯಂತ್ರದಲ್ಲಿ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ತಿಳಿಯಲು ಕೊನೆಗೆ ಸರಾಸರಿಯನ್ನೇ ತೆಗೆಯಬೇಕಾಗುತ್ತದೆ! ಅಂದರೆ ಲೆಕ್ಕ ತಪ್ಪೋ ಸರಿಯೋ ಎಂಬುದು ಅಂಕಿಯನ್ನು ಮಾತ್ರವಲ್ಲ, ನೀವು ಕೇಳುವ ಪ್ರಶ್ನೆಯನ್ನೂ ಅವಲಂಬಿಸಿದೆ. ಈ ಜಗಳ ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ. ನಮಗೆ ಅದರಲ್ಲಿ ಪಾಲು ಬೇಡ.

ಸ್ಥಾನ ಎನ್ನುವುದು ಕ್ರಮ. ಯಾರ ಮುಂದೆ ಯಾರು ಎಂದಷ್ಟೇ ಅದು ಹೇಳುತ್ತದೆ, ಎಷ್ಟು ಮುಂದೆ ಎಂದು ಹೇಳುವುದಿಲ್ಲ. ಇದಕ್ಕೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಮಹಿಳೆಯರ 400 ಮೀಟರ್ ಹರ್ಡಲ್ಸ್. ಮೊದಲನೆಯ ನವಾಲ್ ಎಲ್ ಮೌತವಕೀಲ್ 54.61. ಎರಡನೆಯವರು 55.20. ಮೂರನೆಯವರು 55.41. ನಾಲ್ಕನೆಯವರು ನಮ್ಮ ಪಿ.ಟಿ. ಉಷಾ, 55.42. ಸ್ಥಾನದ ಲೆಕ್ಕದಲ್ಲಿ ಒಂದಕ್ಕೂ ಎರಡಕ್ಕೂ ಇರುವ ದೂರ, ಮೂರಕ್ಕೂ ನಾಲ್ಕಕ್ಕೂ ಇರುವ ದೂರ ಒಂದೇ. ಗಡಿಯಾರದ ಲೆಕ್ಕದಲ್ಲಿ ಒಂದು ಕಡೆ 0.59 ಸೆಕೆಂಡ್, ಇನ್ನೊಂದು ಕಡೆ 0.01. ಅಂಕಪಟ್ಟಿಯ ರ‍್ಯಾಂಕಿನ ಬಗ್ಗೆ ಮನೆಯಲ್ಲಿ ಮಾತು ಬಂದಾಗ ತಂದೆ ತಾಯಂದಿರು ಒಮ್ಮೆ ಈ ನಾಲ್ಕು ಸಂಖ್ಯೆಗಳನ್ನು ನೆನೆಸಿಕೊಂಡರೆ ಒಳ್ಳೆಯದು.

ಬಗ್ಗುವ ಪರೀಕ್ಷೆ ಮಜವಾದದ್ದು. ಮಕ್ಕಳು ಕಾಲು ಚಾಚಿ ಕೂತು, ಅಂಗಾಲನ್ನು ಒಂದು ಪೆಟ್ಟಿಗೆಗೆ ಒತ್ತಿ, ಕೈ ಎಷ್ಟು ದೂರ ಹೋಗುತ್ತದೆ ಎಂದು ಸೆಂಟಿಮೀಟರಿನಲ್ಲಿ ನೋಡುತ್ತಾರೆ. ಖೇಲೋ ಇಂಡಿಯಾದ ಶಾಲಾ ಪರೀಕ್ಷೆಗಳಲ್ಲೂ ಇದು ಇದೆ. ಒಬ್ಬ 20, ಇನ್ನೊಬ್ಬ 10 ಎಂದು ಬಂದರೆ ಮೊದಲನೆಯವನ ಮೈ ಎರಡರಷ್ಟು ಬಾಗುತ್ತದೆ ಎನ್ನಬಹುದೆ? ಆಗದು. ಆ ಪೆಟ್ಟಿಗೆಯ ಮೇಲಿನ ಸೊನ್ನೆಯನ್ನು ಬಡಗಿ ಎಲ್ಲಿ ಗುರುತು ಹಾಕಿದನೋ ಅಲ್ಲಿ ಇರುತ್ತದೆ. ಅಳತೆಪಟ್ಟಿಯನ್ನು ಹತ್ತು ಸೆಂಟಿಮೀಟರ್ ಸರಿಸಿದರೆ 20 ಮತ್ತು 10 ಎನ್ನುವುದು 30 ಮತ್ತು 20 ಆಗುತ್ತದೆ. ಹತ್ತರ ಅಂತರ ಹಾಗೇ ಉಳಿಯುತ್ತದೆ, ಎರಡರಷ್ಟು ಎಂಬುದು ಮಾಯವಾಗುತ್ತದೆ. ಇದು ಅಂತರ ಮಾಪಕ. ಕಾಲ, ದೂರ, ತೂಕ ಇವುಗಳಿಗೆ ಮಾತ್ರ ನಿಜವಾದ ಸೊನ್ನೆ ಇದೆ. ನಾಲ್ಕು ಮೀಟರ್ ಹಾರಿದವಳು ಎರಡು ಮೀಟರ್ ಹಾರಿದವಳ ಎರಡರಷ್ಟು ಹಾರಿದಳು ಎಂದು ಧೈರ್ಯವಾಗಿ ಹೇಳಬಹುದು. ಅನುಪಾತ ಮಾಪಕ ಎಂದರೆ ಇಷ್ಟೇ.

ಆದರೆ ನಿಜವಾದ ಸೊನ್ನೆ ಇದ್ದ ಮಾತ್ರಕ್ಕೆ ಎಲ್ಲ ಲೆಕ್ಕವೂ ನಡೆಯುತ್ತದೆಯೆ? ಇಲ್ಲಿಂದ ಕರಾವಳಿಗೆ ಇಳಿಯಬೇಕು.

2020ರ ಫೆಬ್ರವರಿ ತಿಂಗಳು ನಿಮಗೆ ನೆನಪಿರಬಹುದು. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯನ್ನು ಕೋಣಗಳ ಜೊತೆ 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿದರು: ನೂರು ಮೀಟರಿಗೆ 9.55 ಸೆಕೆಂಡ್! ಉಸೇನ್ ಬೋಲ್ಟ್ ದಾಖಲೆ 9.58. ದೇಶವೆಲ್ಲ ಸುದ್ದಿ. ಕೇಂದ್ರ ಕ್ರೀಡಾ ಸಚಿವರು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆಗೆ ಏರ್ಪಾಟು ಮಾಡಿಸುವುದಾಗಿ ಹೇಳಿದರು. ಆ ಸಡಗರ ಇಳಿಯುವ ಮೊದಲೇ ವೇಣೂರಿನ ಕಂಬಳದಲ್ಲಿ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಪತ್ರಿಕೆಗಳು 9.51 ಎಂದು ಬರೆದವು. ಪ್ರಪಂಚ ನೂರಾರು ವರ್ಷ ಹುಡುಕಿದ ಓಟಗಾರರು ಒಂದೇ ಜಿಲ್ಲೆಯಲ್ಲಿ, ಒಂದೇ ತಿಂಗಳಲ್ಲಿ, ಇಬ್ಬರು!

ಪೆನ್ಸಿಲು ತೆಗೆದುಕೊಳ್ಳಿ. 13.62ನ್ನು 1.425ರಿಂದ ಭಾಗಿಸಿ. 9.5579 ಬರುತ್ತದೆ. ಎರಡು ದಶಮಾಂಶಕ್ಕೆ ಸರಿಪಡಿಸಿದರೆ 9.56, 9.55 ಅಲ್ಲ. ಇನ್ನೊಂದನ್ನೂ ಮಾಡಿ: 9.517, ಅಂದರೆ 9.52. ಎರಡು ಸಲವೂ ಕೊನೆಯ ಅಂಕಿಯನ್ನು ಕತ್ತರಿಸಿ ಬಿಸಾಡಿದ್ದಾರೆ, ಅದೂ ಓಟಗಾರನಿಗೆ ಅನುಕೂಲವಾಗಿ. ನೂರನೇ ಒಂದು ಸೆಕೆಂಡ್ ತಾನೆ ಎನ್ನಬೇಡಿ, ಉಷಾ ಅವರನ್ನು ಕೇಳಿ.

ಇದು ಸಣ್ಣ ತಪ್ಪು. ದೊಡ್ಡ ತಪ್ಪು ಭಾಗಾಕಾರದಲ್ಲೇ ಇದೆ. ಓಟಗಾರ ಒಂದೇ ವೇಗದಲ್ಲಿ ಓಡುವುದಿಲ್ಲ. 2009ರ ಬರ್ಲಿನ್ ಓಟದಲ್ಲಿ ಬೋಲ್ಟ್ ಪ್ರತಿ ಇಪ್ಪತ್ತು ಮೀಟರಿಗೆ ತೆಗೆದುಕೊಂಡ ಕಾಲ ನೋಡಿ: 2.89, 1.75, 1.67, 1.61, 1.66. ಮೊದಲ ಇಪ್ಪತ್ತು ಮೀಟರಿನಲ್ಲೇ ಸುಮಾರು ಮೂರು ಸೆಕೆಂಡ್ ಹೋಯಿತು. ಅದರಲ್ಲಿ ಪಿಸ್ತೂಲಿನ ಸದ್ದಿಗೆ ಮೈ ಅಲುಗಾಡಲು ಹಿಡಿದ 0.146 ಸೆಕೆಂಡೂ ಸೇರಿದೆ. ನಿಂತಲ್ಲಿಂದ ಏಳುವ ಈ ದಂಡವನ್ನು ನೂರು ಮೀಟರ್ ಓಟಗಾರ ನೂರರ ಮೇಲೆ ಹಂಚಿಕೊಳ್ಳಬೇಕು. 142.5 ಮೀಟರ್ ಓಡುವವನು 142.5ರ ಮೇಲೆ ಹಂಚಿಕೊಳ್ಳುತ್ತಾನೆ. ಒಂದೇ ಆಟೋ ಬಾಡಿಗೆಯನ್ನು ಇಬ್ಬರು ಹಂಚಿಕೊಂಡದ್ದಕ್ಕೂ ಮೂವರು ಹಂಚಿಕೊಂಡದ್ದಕ್ಕೂ ಇರುವ ವ್ಯತ್ಯಾಸ ಅದು.

ಇದನ್ನು ಪರೀಕ್ಷಿಸಲು ಬೇರೆ ಯಾರನ್ನೂ ಕರೆಯುವುದು ಬೇಡ, ಬೋಲ್ಟನ್ನೇ ಕರೆಯೋಣ. ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಕಿದ ಪಥದ ಮೇಲೆ ಆತ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ. ಅದರ ಕೊನೆಯ ನೂರು ಮೀಟರಿಗೆ ಹಿಡಿದದ್ದು 8.70 ಸೆಕೆಂಡ್. ಆಗಲೇ ಪೂರ್ಣ ವೇಗದಲ್ಲಿದ್ದನಲ್ಲ! ಯಾರಾದರೂ ಅದನ್ನು ನೂರು ಮೀಟರಿನ ವಿಶ್ವದಾಖಲೆ ಎಂದರೆ? ಇಲ್ಲ. 8.70 ಸೆಕೆಂಡೂ ನಿಜ, 9.58 ಸೆಕೆಂಡೂ ನಿಜ. ಎರಡೂ ಅನುಪಾತ ಮಾಪಕದ ಶುದ್ಧ ಅಂಕಿಗಳೇ. ಆದರೆ ಬೇರೆ ಬೇರೆ ವಸ್ತುವಿನ ಅಳತೆಗಳು.

ಇನ್ನು ಕಂಬಳದ ಕಡೆಯಿಂದ ನೋಡಿ. ಅಥ್ಲೆಟಿಕ್ಸ್‌ನಲ್ಲಿ ಗಡಿಯಾರ ನಿಲ್ಲುವುದು ಓಟಗಾರನ ಮುಂಡ ಗೆರೆ ದಾಟಿದಾಗ. ತಲೆ ದಾಟಿದರೂ ಆಗದು, ಕೈ ದಾಟಿದರೂ ಆಗದು. ಕಂಬಳದಲ್ಲಿ ಓಟ ಕೋಣಗಳದು. ಮನುಷ್ಯ ಅವುಗಳ ಹಿಂದೆ, ಅವುಗಳ ಬಲವನ್ನು ಹಿಡಿದುಕೊಂಡು ಹೋಗುತ್ತಾನೆ. ಬರಿಗಾಲು, ಕೆಸರು, ನೀರು. ಒಂದು ಕಡೆ ಕೆಸರು ಅವನನ್ನು ಹಿಂದಕ್ಕೆ ಎಳೆದರೆ ಇನ್ನೊಂದು ಕಡೆ ಕೋಣಗಳು ಮುಂದಕ್ಕೆ ಎಳೆಯುತ್ತವೆ. ಆ 13.62ರಲ್ಲಿ ಮನುಷ್ಯನ ಪಾಲೆಷ್ಟು, ಕೋಣಗಳ ಪಾಲೆಷ್ಟು ಎಂದು ಯಾವ ಗಡಿಯಾರವೂ ಬಿಡಿಸಿ ಹೇಳಲಾರದು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಶ್ರೀನಿವಾಸ ಗೌಡರೇ. ಕಂಬಳದಲ್ಲಿ ಹಿಮ್ಮಡಿಯ ಮೇಲೆ ಓಟ, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಟ, ಕೋಣಗಳ ಪಾಲೂ ಇದೆ ಎಂದು ಹೇಳಿ ಅವರು ಪರೀಕ್ಷೆಯಿಂದ ನಯವಾಗಿ ಹಿಂದೆ ಸರಿದರು. ಕೆಲವರಿಗೆ ನಿರಾಸೆಯಾಯಿತು. ನನಗಂತೂ ಆ ಇಡೀ ಗದ್ದಲದಲ್ಲಿ ಅಳತೆಶಾಸ್ತ್ರ ತಿಳಿದು ಮಾತಾಡಿದವರು ಅವರೊಬ್ಬರೇ ಎನ್ನಿಸಿತು.

ಕಂಬಳದವರಿಗೆ ಅಳತೆ ಹೊಸದೇನೂ ಅಲ್ಲ ಎಂಬುದನ್ನೂ ಹೇಳಬೇಕು. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂದು ಅವರು ಸ್ಪರ್ಧೆಗಳನ್ನು ಬೇರೆ ಬೇರೆ ಇಟ್ಟಿರುವುದೇ ಒಂದನ್ನು ಇನ್ನೊಂದಕ್ಕೆ ಹೋಲಿಸಬಾರದೆಂದು. ಕನೆಹಲಗೆಯಲ್ಲಿ ವೇಗದ ಲೆಕ್ಕವೇ ಇಲ್ಲ. ತೂತುಗಳಿರುವ ಹಲಗೆಯ ಮೇಲೆ ಕಾಲಿಟ್ಟು ನಿಂತು ಹೋಗುವಾಗ ನೀರು ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರ. ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಅಷ್ಟೇ ಪ್ರಶ್ನೆ. ನೂರನೇ ಒಂದು ಸೆಕೆಂಡಿನ ಯಂತ್ರಕ್ಕಿಂತ ಈ ಒದ್ದೆ ಬಟ್ಟೆಯ ಮೇಲೆ ತಕರಾರು ಕಡಿಮೆ ಎಂದು ನನ್ನ ಊಹೆ.

ಬಿ.ಎಡ್. ಓದಿದವರಿಗೆ ಎರಡು ಪದ ನೆನಪಿರಬಹುದು: ವಿಶ್ವಸನೀಯತೆ, ಸಪ್ರಮಾಣತೆ. ಮತ್ತೆ ಮತ್ತೆ ಅಳೆದರೆ ಅದೇ ಉತ್ತರ ಬರುತ್ತದೆಯೇ ಎಂಬುದು ಮೊದಲನೆಯದು. ಅಳೆಯಬೇಕೆಂದಿದ್ದನ್ನೇ ಅಳೆಯುತ್ತಿದ್ದೇವೆಯೇ ಎಂಬುದು ಎರಡನೆಯದು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಈ ಪದಗಳನ್ನು ಆ ಹುಡುಗಿಯ ಅಪ್ಪನಿಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದಾಗ ಅವರೇ ಹೇಳಿದರು: "ಅರಿಶಿನ ಸರಿಯಾಗಿ ಒಣಗಿಸ್ದೆ ತಕ್ಕಡಿಗೆ ಹಾಕ್ತಾರಲ್ಲ ಸಾ, ಹಂಗೆ." ಎಷ್ಟು ಸಲ ಹಾಕಿದರೂ ತಕ್ಕಡಿ ಒಂದೇ ತೂಕ ತೋರಿಸುತ್ತದೆ. ವಿಶ್ವಸನೀಯತೆಗೆ ಕೊರತೆಯಿಲ್ಲ. ಆದರೆ ಅದು ಅರಿಶಿನದ ಜೊತೆ ನೀರನ್ನೂ ತೂಗುತ್ತಿದೆ. ಖರೀದಿಗೆ ಬಂದವನು ಕೊಂಬನ್ನು ಮುರಿದು ನೋಡುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು ಸಪ್ರಮಾಣತೆಯ ಪರೀಕ್ಷೆ. ಇಷ್ಟು ವರ್ಷ ನಾನು ಕಪ್ಪು ಹಲಗೆಯ ಮೇಲೆ ಬಾಣ ಮತ್ತು ಗುರಿಯ ಚಿತ್ರ ಬರೆದು ಸುಸ್ತಾಗಿದ್ದೆ.

ಶಾಲೆಗಳಲ್ಲಿ ಮಕ್ಕಳ ಎತ್ತರ ತೂಕ ತೆಗೆದು ಬಿ.ಎಂ.ಐ. ಎಂದು ಬರೆಯುತ್ತಾರಲ್ಲ, ಅಲ್ಲೂ ಈ ಒದ್ದೆ ಅರಿಶಿನದ ಸಮಸ್ಯೆ ಇದೆ. 165 ಸೆಂಟಿಮೀಟರ್ ಎತ್ತರ, 75 ಕಿಲೋ ತೂಕದ ಕಬಡ್ಡಿ ಆಟಗಾರನ ಲೆಕ್ಕ 27.5 ಬರುತ್ತದೆ, ಪಟ್ಟಿಯ ಪ್ರಕಾರ ಅವನು ದಢೂತಿ. ತಕ್ಕಡಿಗೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಗೊತ್ತಿಲ್ಲ. ಅಂಕಿ ಒಂದೇ, ಅರ್ಥ ಎರಡು.

ಬಂಡೀಪುರದ ಪಕ್ಕ ಕೂತು ಅಳತೆಯ ಮಾತಾಡುವಾಗ ಹುಲಿಯನ್ನು ಬಿಡಲು ಸಾಧ್ಯವೆ? 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಗೆಲ್ಲ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಹೆಜ್ಜೆಯ ಮೇಲೆ ಗಾಜು ಇಟ್ಟು, ಅದರ ಅಂಚನ್ನು ಗಾಜಿನ ಮೇಲೆ ಬರೆದು, ಕಾಗದಕ್ಕೆ ಇಳಿಸಿ, ಇದು ಈ ಹುಲಿಯದು, ಅದು ಆ ಹುಲಿಯದು ಎಂದು ವಿಂಗಡಿಸುತ್ತಿದ್ದರು. ನುರಿತ ಕಾವಲುಗಾರರ ಕಣ್ಣು ದೊಡ್ಡದೇ, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಒಂದೇ ಹುಲಿ ಒದ್ದೆ ಮಣ್ಣಿನ ಮೇಲೆ ನಡೆದರೆ ಒಂದು ಆಕಾರ, ಒಣ ಧೂಳಿನ ಮೇಲೆ ನಡೆದರೆ ಇನ್ನೊಂದು. ಇಬ್ಬರು ಬರೆದರೆ ಎರಡು ಗೆರೆ. ಅಂದರೆ ನಮ್ಮ ಮೂರು ಸ್ಟಾಪ್ ವಾಚಿನ ಕಥೆಯೇ. ಕರ್ನಾಟಕದವರೇ ಆದ ಉಲ್ಲಾಸ ಕಾರಂತರು 1980ರ ದಶಕದಿಂದಲೇ ಈ ವಿಧಾನವನ್ನು ಪ್ರಶ್ನಿಸಿದರು. ಪಕ್ಕದ ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾ ಇಟ್ಟು ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ 1995ರಲ್ಲಿ ಪ್ರಬಂಧ ಪ್ರಕಟಿಸಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಯಾರು ನೋಡಿದರೂ ಅದೇ ಹುಲಿ. ಅಷ್ಟೇ ಅಲ್ಲ, ಮೊದಲ ಸಲ ಕ್ಯಾಮೆರಾಕ್ಕೆ ಬಿದ್ದ ಹುಲಿಗಳಲ್ಲಿ ಎಷ್ಟು ಎರಡನೇ ಸಲವೂ ಬಿದ್ದವು ಎಂಬುದರಿಂದ, ಒಮ್ಮೆಯೂ ಬೀಳದೆ ಉಳಿದವು ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾರೆ. ಉತ್ತರ ಒಂದು ಸಂಖ್ಯೆಯಾಗಿ ಬರುವುದಿಲ್ಲ, ಇಷ್ಟರಿಂದ ಇಷ್ಟರೊಳಗೆ ಎಂದು ಬರುತ್ತದೆ.

ಕಡತದಲ್ಲಿ ಹುಲಿಗಳಿದ್ದು ಕಾಡಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂದು 2005ರಲ್ಲಿ ರಾಜಸ್ಥಾನದ ಸಾರಿಸ್ಕಾದಲ್ಲಿ ಗೊತ್ತಾಯಿತು. ಎಣಿಕೆಯ ಕಾಗದದಲ್ಲಿ ಹುಲಿಗಳಿದ್ದವು. ಹುಡುಕಿದರೆ ಒಂದೂ ಸಿಗಲಿಲ್ಲ. 2006ರಿಂದ ದೇಶದ ಎಣಿಕೆಯೇ ಕ್ಯಾಮೆರಾ ಮತ್ತು ಸಂಖ್ಯಾಶಾಸ್ತ್ರದ ಕಡೆಗೆ ಹೊರಳಿತು. ಕ್ರೀಡೆಯ ಮೇಲೆ ಸಂಶೋಧನೆ ಮಾಡುವ ಮಕ್ಕಳಿಗೆ ಇದರಿಂದ ಒಂದು ಉಪಾಯ ಸಿಗುತ್ತದೆ. ಒಬ್ಬರೇ ಅಳೆದು ಬರೆಯಬೇಡಿ. ಇಪ್ಪತ್ತು ಮಕ್ಕಳನ್ನು ಇಬ್ಬರು ಬೇರೆ ಬೇರೆಯಾಗಿ, ಒಬ್ಬರ ಹಾಳೆ ಒಬ್ಬರು ನೋಡದೆ ಅಳೆಯಿರಿ. ಒಂದು ವಾರ ಬಿಟ್ಟು ಅದೇ ಮಕ್ಕಳನ್ನು ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವೆ ಸಾಮಾನ್ಯವಾಗಿ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ತಿಳಿದಿದ್ದರೆ, ನಿಮ್ಮ ಹೊಸ ತರಬೇತಿಯಿಂದ 0.1 ಸೆಕೆಂಡ್ ಸುಧಾರಣೆ ಆಯಿತು ಎಂದು ಬರೆಯುವ ಮೊದಲು ಕೈ ತಾನಾಗಿ ನಿಲ್ಲುತ್ತದೆ.

ಒಂದು ಅಳತೆಯ ಬಗ್ಗೆ ಮಾತ್ರ ತಂದೆ ತಾಯಂದಿರೊಂದಿಗೆ ನೇರವಾಗಿ ಮಾತಾಡಬೇಕು. ಅದು ವಯಸ್ಸು. ನಮ್ಮ ಸೀಮೆಯಲ್ಲಿ ನನ್ನ ವಯಸ್ಸಿನವರನ್ನು ಹುಟ್ಟಿದ ದಿನ ಕೇಳಿ ನೋಡಿ, ಜೂನ್ 1 ಎನ್ನುವವರು ಎಷ್ಟು ಮಂದಿ! ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿಲ್ಲ, ಹೆಡ್ ಮೇಷ್ಟ್ರಿಗೆ ಪುರಸೊತ್ತಿಲ್ಲ. ಅದು ಅಮಾಯಕ ತಪ್ಪು. ಈಗ ಜನನ ಪ್ರಮಾಣಪತ್ರದ ಕಾಲ. ಆದರೂ ಹದಿನಾಲ್ಕರ ಒಳಗಿನವರ ವಿಭಾಗದಲ್ಲಿ ಮೀಸೆ ಬಂದ ಹುಡುಗರು ಓಡುವುದನ್ನು ನಾವೆಲ್ಲ ನೋಡಿದ್ದೇವೆ. ಕ್ರಿಕೆಟ್ ಮಂಡಳಿಯವರು ಹದಿನಾರರ ಒಳಗಿನ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಸ್ಥಿತಿ ಬಂದದ್ದು ಸುಮ್ಮನೆ ಅಲ್ಲ. ಅದೂ ನಿಖರವಲ್ಲ ಎನ್ನಿ. ಮೂಳೆ ಬಲಿಯುವುದು ಮಗುವಿನಿಂದ ಮಗುವಿಗೆ ಬೇರೆ.

ಸುಳ್ಳೇ ಇಲ್ಲದಿದ್ದರೂ ತೊಡಕಿದೆ. ಕೆನಡಾದ ಐಸ್ ಹಾಕಿಯಲ್ಲಿ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಯವರು 1985ರಲ್ಲಿ ಒಳ್ಳೆಯ ಆಟಗಾರರ ಹುಟ್ಟಿದ ತಿಂಗಳು ನೋಡಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿದ್ದರು. ಹನ್ನೊಂದು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳು ದೊಡ್ಡವನು ಎತ್ತರ ಇರುತ್ತಾನೆ, ಅವನನ್ನು ಆರಿಸುತ್ತಾರೆ, ಆರಿಸಿದ್ದರಿಂದ ತರಬೇತಿ ಸಿಗುತ್ತದೆ, ತರಬೇತಿಯಿಂದ ಚೆನ್ನಾಗಿ ಆಡುತ್ತಾನೆ. ಆಯ್ಕೆ ಮಾಡಿದವರು ಪ್ರತಿಭೆ ಅಳೆದೆವು ಎಂದುಕೊಂಡರು. ಅಳೆದದ್ದು ಕ್ಯಾಲೆಂಡರನ್ನು. ನಿಮ್ಮ ಮಗ ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯನಾಗಿದ್ದು ಈ ವರ್ಷ ಆಯ್ಕೆ ಆಗದಿದ್ದರೆ, ಅವನ ಬೂಟು ಮಾರುವ ಮುಂಚೆ ಸ್ವಲ್ಪ ಕಾಯಿರಿ.

ಆ ದಿನದ ಕಥೆ ಇನ್ನೂ ಮುಗಿದಿಲ್ಲ. ಸಂಜೆ, ಬಹುಮಾನ ಹಂಚಿ ಮೈಕಿನವರು ತಂತಿ ಸುತ್ತುತ್ತಿದ್ದಾಗ, ಹುಡುಗಿಯ ಅಪ್ಪ ಮತ್ತೆ ಬಂದರು. "ಗಡಿಯಾರದ್ದು ಆಯ್ತು ಸಾ, ನೂರು ಮೀಟ್ರು ಅಂತ ಹೆಂಗೆ ಅಳದ್ರಿ?" ಎಂದರು. ಮೇಷ್ಟ್ರು ಅಭಿಮಾನದಿಂದ ನೂಲಿನ ಹಗ್ಗ ತಂದು ತೋರಿಸಿದರು. ಹತ್ತು ಹತ್ತು ಮೀಟರಿಗೆ ಗಂಟು ಹಾಕಿದ್ದ ಹಗ್ಗ. ಹಿಂದಿನ ರಾತ್ರಿ ಮಳೆ ಬಂದಿತ್ತು. ಹಗ್ಗ ಹೊರಗೇ ನೆನೆದಿತ್ತು. ಬೆಳಿಗ್ಗೆ ಅದರಲ್ಲೇ ಅಳೆದು ಸುಣ್ಣ ಹಾಕಿದ್ದರು. ನೂಲಿನ ಹಗ್ಗ ನೆನೆದರೆ ದಪ್ಪಗಾಗಿ ಉದ್ದ ಕಡಿಮೆ ಆಗುತ್ತದೆ, ಅದು ಬಾವಿಯಲ್ಲಿ ನೀರು ಸೇದಿದವರಿಗೆಲ್ಲ ಗೊತ್ತು. ಪಕ್ಕದ ಮನೆ ಕಟ್ಟುತ್ತಿದ್ದ ಗಾರೆ ಕೆಲಸದವರಿಂದ ಉಕ್ಕಿನ ಟೇಪು ತಂದು ಹಿಡಿದೆವು. ನಮ್ಮ ನೂರು ಮೀಟರ್ 97 ಮೀಟರ್ 40 ಸೆಂಟಿಮೀಟರ್ ಇತ್ತು.

ಮೂರು ಗಡಿಯಾರ, ನಡುವಿನ ಸಂಖ್ಯೆ, ಮೇಲಕ್ಕೆ ಸರಿಪಡಿಸುವುದು, ಎಲ್ಲ ಶಾಸ್ತ್ರವೂ ಒಂದು ಒದ್ದೆ ಹಗ್ಗದ ಮೇಲೆ ನಿಂತಿತ್ತು. ಮೇಷ್ಟ್ರ ಮುಖ ಸಣ್ಣದಾಯಿತು. ಭಾಗಾಕಾರ ಮಾಡಿ ಸರಿಮಾಡೋಣವೆಂದರೆ ಅದು ಕಂಬಳದ ಲೆಕ್ಕವೇ ಆಗುತ್ತದೆ. ಅಪ್ಪ ಮಗಳ ಕಡೆ ನೋಡಿ, "ಇನ್ನೊಂದ್ಸಲ ಓಡ್ತೀಯೇನವ್ವ?" ಎಂದರು. ಆಕೆ ಬೋಂಡ ತಿನ್ನುತ್ತಿದ್ದಳು. ಕೈ ಒರೆಸಿಕೊಂಡು ಎದ್ದಳು.

ಟೇಪು ಹಿಡಿದು ಗೆರೆ ಹಾಕಿದೆವು. ಈ ಸಲ ನಾನು ಬಾವುಟದ ಮೇಲೆ ಕಣ್ಣಿಟ್ಟೆ. ಮೂರು ಗಡಿಯಾರಗಳು 14.8, 14.8, 14.9 ಎಂದವು. ಬೆಳಗಿನದಕ್ಕಿಂತ ನಿಧಾನ. ದಿನವಿಡೀ ಓಡಿ ಸುಸ್ತಾಗಿದ್ದಾಳೆ, ಹೊಟ್ಟೆಯಲ್ಲಿ ಬೋಂಡ ಬೇರೆ ಇದೆ ಎಂದು ಮೇಷ್ಟ್ರು ಸಮಾಧಾನ ಹೇಳಲು ಹೋದರು. ಅಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಗಿಯ ಜೇಬಿನಿಂದ ಮಂಡಿಯ ಚೀಟಿಯೊಂದನ್ನು ತೆಗೆದು, ಅದರ ಹಿಂಬದಿಯಲ್ಲಿ "14.8, ಟೇಪಿನ ಅಳತೆ" ಎಂದು ಮಗಳ ಕೈಲಿ ಬರೆಸಿಕೊಂಡು, ಆಯ್ಕೆ ಯಾವ ತಿಂಗಳು ಎಂದು ವಿಚಾರಿಸಿದರು.